ಸವೆದ ಮಂಡಿಗೆ ಕೀಹೋಲ್ ಶಸ್ತ್ರಚಿಕಿತ್ಸೆ ಬೇಡ: ಕೊಡಗಿನ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಬಹಿರಂಗ ಪತ್ರ

ಇವರಿಗೆ,
ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಕೊಡಗು ಜಿಲ್ಲೆ, ಮಡಿಕೇರಿ

ಮಾನ್ಯರೇ,

ಕಾಫಿ ಕೊಯ್ಲು ಮುಗಿದಿದೆ, ಕರಿಮೆಣಸಿನದೂ ಮುಗಿಯುತ್ತಾ ಬಂದಿದೆ. ವರ್ಷವಿಡೀ ಮುಂದಕ್ಕೆ ಹಾಕಿಕೊಂಡು ಬಂದ ಖರ್ಚುಗಳನ್ನು ಕೊಡಗಿನ ಮನೆಗಳು ಕೈಗೆತ್ತಿಕೊಳ್ಳುವ ಕಾಲ ಇದು. ಮಾಡಿನ ಹೆಂಚು, ಮಗಳ ಮದುವೆ, ಬ್ಯಾಂಕಿನ ಸಾಲ ಇವುಗಳ ಜೊತೆಗೆ ಈಚೆಗೆ ಮನೆಯ ಹಿರಿಯರ ಮಂಡಿ ಆಪರೇಷನ್ನೂ ಆ ಪಟ್ಟಿಗೆ ಸೇರಿಕೊಂಡಿದೆ. "ಮಳೆ ಹಿಡಿಯುವ ಮೊದಲೇ ಮಾಡಿಸಿಬಿಡೋಣ" ಎನ್ನುವ ಮಾತನ್ನು ಏಪ್ರಿಲ್ ತಿಂಗಳಲ್ಲಿ ನಾನು ಹೋದ ಕಡೆಯಲ್ಲೆಲ್ಲ ಕೇಳುತ್ತೇನೆ. ಹಾಗೆ ಹೊರಟು ನಿಂತವರಲ್ಲಿ ಹಲವರಿಗೆ ಆ ಆಪರೇಷನ್ನಿನಿಂದ ಯಾವ ಪ್ರಯೋಜನವೂ ಇಲ್ಲ. ಅದಕ್ಕಾಗಿಯೇ ಈ ಪತ್ರವನ್ನು ಈಗ, ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ನಾನು ಫಿಸಿಯೋಥೆರಪಿಸ್ಟ್. ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟದ ಸುತ್ತಮುತ್ತ ಮನೆಮನೆಗೆ ಹೋಗಿ ವ್ಯಾಯಾಮ ಹೇಳಿಕೊಡುತ್ತೇನೆ. ತೋಟದ ಕೂಲಿಯವರು ವಾಸಿಸುವ ಸಾಲುಮನೆ, ಅಂದರೆ ಲೈನ್‌ಮನೆಯಿಂದ ಹಿಡಿದು ಕೊಡವ ಕುಟುಂಬಗಳ ಹಿರಿಯರ ಮೂಲಮನೆಯಾದ ಐನ್‌ಮನೆಯವರೆಗೆ ನನ್ನನ್ನು ಕರೆಸಿಕೊಳ್ಳುವವರಲ್ಲಿ ಹೆಚ್ಚಿನವರದು ಒಂದೇ ದೂರು: ಮಂಡಿನೋವು.

ವಿಷಯವನ್ನು ನೇರವಾಗಿಯೇ ಹೇಳುತ್ತೇನೆ. ವಯಸ್ಸಾಗಿ ಸವೆದ ಮಂಡಿಯೊಳಕ್ಕೆ ಸಣ್ಣ ಕ್ಯಾಮೆರಾ ತೂರಿಸಿ, ನೀರು ಹಾಯಿಸಿ ತೊಳೆದು, ಒಳಗೆ ಹರಿದಿರುವ ಮೆತ್ತೆಯ ಅಂಚನ್ನು ಕತ್ತರಿಸಿ ನುಣುಪು ಮಾಡುವ ಶಸ್ತ್ರಚಿಕಿತ್ಸೆಗೆ ಆರ್ಥ್ರೋಸ್ಕೋಪಿ ಎನ್ನುತ್ತಾರೆ. ಜನ ಅದನ್ನು ಕೀಹೋಲ್ ಆಪರೇಷನ್ ಎಂದು ಕರೆಯುತ್ತಾರೆ, "ಮಂಡಿ ಕ್ಲೀನ್ ಮಾಡಿಸುವುದು" ಎಂದೂ ಹೇಳುತ್ತಾರೆ. ಸವೆತದ ನೋವಿಗೆ ಅದು ಮದ್ದಲ್ಲ. ಈ ಮಾತು ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ, ಒಂದಾದ ಮೇಲೊಂದು ಅಧ್ಯಯನದಲ್ಲಿ ಸಾಬೀತಾಗುತ್ತಲೇ ಬಂದಿದೆ. ತಮಗೂ ಇದು ತಿಳಿದೇ ಇರುತ್ತದೆ. ತಿಳಿಯದೇ ಇರುವುದು ರೋಗಿಗೆ, ಅವರ ಮನೆಯವರಿಗೆ. ಆ ತಿಳಿವಳಿಕೆ ಅವರನ್ನು ತಲುಪುವಂತೆ ಮಾಡುವ ಅಧಿಕಾರ ತಮ್ಮ ಕೈಯಲ್ಲಿದೆ.

ಪಾಲಿಬೆಟ್ಟದ ಹತ್ತಿರದ ಒಂದು ಲೈನ್‌ಮನೆಯಲ್ಲಿ ಅರವತ್ತು ದಾಟಿದ ಹೆಂಗಸೊಬ್ಬರಿದ್ದಾರೆ. ಹೆಸರು ಬೇಡ, ನಾನು ಅವರನ್ನು ಅಕ್ಕ ಎಂದೇ ಕರೆಯುತ್ತೇನೆ. ಹದಿನೈದನೆಯ ವಯಸ್ಸಿನಿಂದ ಕಾಫಿ ಕೊಯ್ದವರು. ಏರು ತಗ್ಗಿನಲ್ಲಿ ಚೀಲ ಹೊತ್ತು ಇಳಿದವರು. ಬಲಮಂಡಿ ನೋಯತೊಡಗಿದಾಗ ಜಿಲ್ಲೆಯ ಹೊರಗಿನ ಒಂದು ಆಸ್ಪತ್ರೆಯಲ್ಲಿ ಎಂಆರ್‌ಐ ಮಾಡಿಸಿದರು. "ಒಳಗಿನ ಪದರ ಹರಿದಿದೆ, ಎರಡು ತೂತು ಹಾಕಿ ಸರಿಮಾಡುತ್ತೇವೆ" ಎಂದು ಅಲ್ಲಿ ಹೇಳಿದರಂತೆ. ಮಗ ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಮುಂಗಡ ತೆಗೆದ, ಸಾಲದ್ದಕ್ಕೆ ಓಲೆಯನ್ನು ಅಡ ಇಟ್ಟರು. ಆಪರೇಷನ್ ಆಯಿತು. ನಾನು ನೋಡಲು ಹೋದಾಗ ಮಂಡಿಚಿಪ್ಪಿನ ಎರಡೂ ಬದಿಯಲ್ಲಿ ಸಣ್ಣ ಗಾಯದ ಗುರುತುಗಳಿದ್ದವು, ನೋವು ಎಲ್ಲಿತ್ತೋ ಅಲ್ಲಿಯೇ ಇತ್ತು. ಟೇಪು ಹಿಡಿದು ಎರಡೂ ತೊಡೆಗಳನ್ನು ಅಳೆದೆ. ಆಪರೇಷನ್ ಆದ ಕಾಲಿನ ತೊಡೆ ಕಣ್ಣಿಗೇ ಕಾಣುವಷ್ಟು ಸೊರಗಿತ್ತು. ಮಂಡಿಯ ಭಾರವನ್ನು ಹೊರಬೇಕಾದ ಸ್ನಾಯು ಅದು. ಅದನ್ನು ಗಟ್ಟಿ ಮಾಡಿಕೊಳ್ಳಬೇಕೆಂದು ಅವರಿಗೆ ಆಪರೇಷನ್ನಿನ ಮೊದಲೂ ಯಾರೂ ಹೇಳಿರಲಿಲ್ಲ, ಆಮೇಲೂ ಹೇಳಿರಲಿಲ್ಲ.

ಪ್ಲಾಸ್ಟಿಕ್ ಕವರಿನಲ್ಲಿ ಮಡಿಚಿಟ್ಟಿದ್ದ ಎಂಆರ್‌ಐ ವರದಿಯನ್ನು ತೆಗೆದು ತೋರಿಸಿದರು. ಮೆನಿಸ್ಕಸ್ ಹರಿದಿದೆ ಎಂದು ಅದರಲ್ಲಿ ಬರೆದದ್ದು ನಿಜ. ಮೆನಿಸ್ಕಸ್ ಎಂದರೆ ತೊಡೆಮೂಳೆಗೂ ಮೊಳಕಾಲ ಕೆಳಗಿನ ಮೂಳೆಗೂ ನಡುವೆ ಇರುವ ಮೆತ್ತೆ. ಆದರೆ ಆ ವಯಸ್ಸಿನಲ್ಲಿ ಯಾರ ಮಂಡಿಯನ್ನು ಸ್ಕ್ಯಾನ್ ಮಾಡಿದರೂ ಮೆನಿಸ್ಕಸ್ ಹಾಗೆ ಹರಿದಿರುವ ಸಂಭವ ಬಹಳ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನಲ್ಲಿ 50ರಿಂದ 90 ವರ್ಷದ 991 ಮಂದಿಯ ಮಂಡಿಯನ್ನು, ನೋವಿದೆಯೋ ಇಲ್ಲವೋ ಎಂದು ನೋಡದೆ, ಎಂಆರ್‌ಐ ಮಾಡಿ ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮೆನಿಸ್ಕಸ್ ಹರಿದಿದ್ದವರಲ್ಲಿ 100ಕ್ಕೆ 61 ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿನೋವೇ ಇರಲಿಲ್ಲ, ಬಿಗಿತವೂ ಇರಲಿಲ್ಲ. 70 ದಾಟಿದ ಗಂಡಸರಲ್ಲಂತೂ ಅರ್ಧಕ್ಕಿಂತ ಹೆಚ್ಚು ಮಂದಿಯ ಮೆನಿಸ್ಕಸ್ ಹರಿದಿತ್ತು. ಅರವತ್ತರ ಮಂಡಿಯಲ್ಲಿ ಮೆನಿಸ್ಕಸ್ ಹರಿದಿರುವುದು ಅರವತ್ತರ ತಲೆಯ ನರೆಯಂತೆ. ಇರುವುದು ನಿಜ, ಆದರೆ ತಲೆನೋವಿಗೆ ಅದು ಕಾರಣವಲ್ಲ.

"ಹರಿದಿದೆ" ಎಂಬ ಒಂದು ಮಾತು ಮನೆಯವರ ಮೇಲೆ ಮಾಡುವ ಪರಿಣಾಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಹರಿದದ್ದನ್ನು ಹೊಲಿಯಬೇಕು, ಇಲ್ಲವೇ ಕತ್ತರಿಸಿ ತೆಗೆಯಬೇಕು ಎಂಬುದು ಎಲ್ಲರಿಗೂ ಸಹಜವಾಗಿ ತೋರುತ್ತದೆ. ಅದಾದ ಮೇಲೆ ವ್ಯಾಯಾಮದ ಮಾತೆತ್ತಿದರೆ ಮಕ್ಕಳು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. "ಹರಿದ ಕಾಲಿಗೆ ಕಸರತ್ತು ಮಾಡಿಸುತ್ತೀರಾ?" ಎಂದು ಕೇಳಿದವರಿದ್ದಾರೆ. ತಾಯಿಯ ಮೇಲಿನ ಕಾಳಜಿಯಿಂದಲೇ ಅವರು ಹಾಗೆ ಕೇಳುತ್ತಾರೆ, ಆ ಕಾಳಜಿಗೆ ಸರಿಯಾದ ಮಾಹಿತಿ ಸಿಗುವುದಿಲ್ಲ. ಸವೆತದ ಸಾಮಾನ್ಯ ಮಂಡಿನೋವಿಗೆ ಎಂಆರ್‌ಐ ಮೊದಲ ಪರೀಕ್ಷೆ ಆಗಲೇಬಾರದು. ಕೈಯಲ್ಲಿ ಮುಟ್ಟಿ, ನಡೆಸಿ ನೋಡಿ, ಬೇಕಾದರೆ ನಿಲ್ಲಿಸಿಕೊಂಡು ಒಂದು ಎಕ್ಸ್‌ರೇ ತೆಗೆದರೆ ಸಾಕಾಗುತ್ತದೆ.

ಈಗ ಅಧ್ಯಯನಗಳ ವಿಷಯಕ್ಕೆ ಬರುತ್ತೇನೆ. ಮಾಜಿ ಸೈನಿಕರಿಲ್ಲದ ಊರು ಕೊಡಗಿನಲ್ಲಿ ಸಿಗುವುದು ಕಷ್ಟ. ಈ ಶಸ್ತ್ರಚಿಕಿತ್ಸೆಯ ಬಗ್ಗೆ ಜಗತ್ತಿನ ಕಣ್ಣು ತೆರೆಸಿದ ಅಧ್ಯಯನ ನಡೆದದ್ದೂ ಮಾಜಿ ಸೈನಿಕರ ಆಸ್ಪತ್ರೆಯಲ್ಲಿಯೇ, ಅಮೆರಿಕದ ಹ್ಯೂಸ್ಟನ್ ನಗರದಲ್ಲಿ. ಸವೆದ ಮಂಡಿಯ 180 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಂಡಿಯೊಳಗೆ ನೀರು ಹಾಯಿಸಿ ತೊಳೆದರು. ಇನ್ನೊಂದು ಗುಂಪಿಗೆ ತೊಳೆದು ಒಳಗೆ ಕೆರೆದು ನುಣುಪು ಮಾಡಿದರು. ಮೂರನೆಯ ಗುಂಪಿನವರಿಗೆ ಚರ್ಮದ ಮೇಲೆ ಗಾಯ ಮಾತ್ರ ಮಾಡಿದರು. ಶಸ್ತ್ರಚಿಕಿತ್ಸಕರು ಉಪಕರಣಗಳನ್ನು ಕೇಳಿದರು, ಕಾಲನ್ನು ಮಡಿಸಿ ಬಿಡಿಸಿದರು, ನೀರಿನ ಸದ್ದನ್ನೂ ಮಾಡಿದರು. ಒಳಗೆ ಏನನ್ನೂ ತೂರಿಸಲಿಲ್ಲ. ತಾವು ಯಾವ ಗುಂಪಿನವರು ಎಂಬುದು ರೋಗಿಗಳಿಗೆ ತಿಳಿದಿರಲಿಲ್ಲ. ಎರಡು ವರ್ಷ ಅವರ ನೋವನ್ನೂ ನಡಿಗೆಯನ್ನೂ ಅಳೆಯುತ್ತಾ ಹೋದರು. ಯಾವ ಹಂತದಲ್ಲೂ ನಿಜವಾದ ಆಪರೇಷನ್ ಆದವರು ಬರೀ ಗಾಯ ಮಾಡಿಸಿಕೊಂಡವರಿಗಿಂತ ಉತ್ತಮವಾಗಿರಲಿಲ್ಲ. 2002ರ ಜುಲೈಯಲ್ಲಿ ಇದು ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪತ್ರಿಕೆಯಲ್ಲಿ ಪ್ರಕಟವಾಯಿತು.

ಆ ಅಧ್ಯಯನದ ಒಂದು ವಿವರ ನನ್ನ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಸೇರುವ ಮೊದಲು ಪ್ರತಿಯೊಬ್ಬ ರೋಗಿಯೂ ತನ್ನ ಕೈಬರಹದಲ್ಲಿಯೇ ಬರೆದುಕೊಡಬೇಕಿತ್ತು: ನನಗೆ ಸುಳ್ಳು ಆಪರೇಷನ್ ಆಗಬಹುದು, ಅದರಿಂದ ನನ್ನ ಮಂಡಿಗೆ ಪ್ರಯೋಜನವಾಗದು ಎಂದು. ಕೇಳಿದವರಲ್ಲಿ ನೂರಕ್ಕೆ 44 ಮಂದಿ ಬೇಡ ಎಂದು ಹಿಂದೆ ಸರಿದರು. ತಿಳಿದು ಒಪ್ಪುವುದು, ತಿಳಿದು ಬೇಡವೆನ್ನುವುದು ಎಂದರೆ ಇದು. ನಮ್ಮ ಅಕ್ಕ ಹೆಬ್ಬೆಟ್ಟು ಒತ್ತಿದ್ದು ಇಂಗ್ಲಿಷಿನಲ್ಲಿ ಅಚ್ಚಾದ ಹಾಳೆಯ ಮೇಲೆ. ಅದರಲ್ಲಿ ಏನಿತ್ತೆಂದು ಅವರಿಗೂ ಗೊತ್ತಿಲ್ಲ, ಅವರ ಮಗನಿಗೂ ಗೊತ್ತಿಲ್ಲ.

ಒಂದೇ ಅಧ್ಯಯನವನ್ನು ನಂಬಿ ಕೂರಬಾರದು ಎಂದು ಆಗ ಹಲವರು ಆಕ್ಷೇಪಿಸಿದರು. ಆ ಆಕ್ಷೇಪ ನ್ಯಾಯವಾದದ್ದೇ. ಆದ್ದರಿಂದ ಮತ್ತೆ ಮತ್ತೆ ಪರೀಕ್ಷೆಗಳು ನಡೆದವು. 2008ರಲ್ಲಿ ಕೆನಡಾದ ಒಂಟಾರಿಯೊ ಪ್ರಾಂತ್ಯದ ವೈದ್ಯರು ಶಸ್ತ್ರಚಿಕಿತ್ಸೆ, ಫಿಸಿಯೋಥೆರಪಿ, ಔಷಧ ಮೂರನ್ನೂ ಪಡೆದವರನ್ನು ಫಿಸಿಯೋಥೆರಪಿ ಮತ್ತು ಔಷಧ ಮಾತ್ರ ಪಡೆದವರ ಜೊತೆ ಹೋಲಿಸಿದರು. ಎರಡು ವರ್ಷದ ಕೊನೆಗೆ ಇಬ್ಬರೂ ಒಂದೇ ಮಟ್ಟದಲ್ಲಿದ್ದರು. 2013ರಲ್ಲಿ ಫಿನ್ಲೆಂಡ್‌ನಲ್ಲಿ ಸವೆತ ಇನ್ನೂ ಶುರುವಾಗದ, ಮೆನಿಸ್ಕಸ್ ಮಾತ್ರ ಹರಿದಿದ್ದ 146 ಮಂದಿಯ ಮೇಲೆ ನಿಜವಾದ ಮತ್ತು ಸುಳ್ಳು ಆಪರೇಷನ್ನಿನ ಪರೀಕ್ಷೆ ಮತ್ತೆ ನಡೆಯಿತು. ವರ್ಷದ ಬಳಿಕ ಅಲ್ಲಿಯೂ ವ್ಯತ್ಯಾಸ ಕಾಣಲಿಲ್ಲ.

ಅದೇ 2013ರಲ್ಲಿ ಅಮೆರಿಕದಲ್ಲಿ ಮುಗಿದ ಇನ್ನೊಂದು ಅಧ್ಯಯನ ನಮ್ಮ ರೋಗಿಗಳಿಗೆ ತೀರಾ ಹತ್ತಿರದ್ದು. 45 ದಾಟಿದ, ಸವೆತವೂ ಇದ್ದ, ಮೆನಿಸ್ಕಸ್ಸೂ ಹರಿದಿದ್ದ 351 ಮಂದಿ ಅದರಲ್ಲಿದ್ದರು. ಆರು ತಿಂಗಳ ಹೊತ್ತಿಗೆ ಆಪರೇಷನ್ ಗುಂಪೂ ಫಿಸಿಯೋಥೆರಪಿ ಗುಂಪೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಸುಧಾರಿಸಿದ್ದವು. ಫಿಸಿಯೋಥೆರಪಿ ಗುಂಪಿನಲ್ಲಿ 100ಕ್ಕೆ 30 ಮಂದಿ ನಡುವೆಯೇ ಆಪರೇಷನ್ನಿಗೆ ಹೋದರು, ಅದನ್ನು ಮುಚ್ಚಿಡಬಾರದು. ಆದರೆ ಉಳಿದ 70 ಮಂದಿಗೆ ಆ ಆರು ತಿಂಗಳಲ್ಲಿ ಆಪರೇಷನ್ ಬೇಕಾಗಲೇ ಇಲ್ಲ ಎಂಬುದನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಇವೆಲ್ಲವನ್ನೂ ಕೂಡಿಸಿ ತೂಗಿದ ಮೇಲೆ, 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಸೇರಿಸಿದ ತಜ್ಞರ ಸಮಿತಿ ಸವೆತದ ಮಂಡಿಯಿರುವ ಬಹುತೇಕ ಎಲ್ಲರಿಗೂ ಕೀಹೋಲ್ ಶಸ್ತ್ರಚಿಕಿತ್ಸೆ ಬೇಡ ಎಂದು ಬಲವಾಗಿ ಶಿಫಾರಸು ಮಾಡಿತು. ಮಂಡಿನೋವನ್ನು ಸ್ವತಃ ಅನುಭವಿಸಿದವರೂ ಆ ಸಮಿತಿಯಲ್ಲಿದ್ದರು. ಎಂಆರ್‌ಐಯಲ್ಲಿ ಮೆನಿಸ್ಕಸ್ ಹರಿದದ್ದು ಕಂಡರೂ, ನಡೆಯುವಾಗ ಕಟಕಟ ಎಂದರೂ ಅದೇ ಮಾತು. ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಗೆ ಮಾರ್ಗಸೂಚಿ ಬರೆಯುವ ನೈಸ್ ಸಂಸ್ಥೆ 2022ರಲ್ಲಿ, ಸವೆತಕ್ಕೆ ಮಂಡಿ ತೊಳೆಯುವ, ಕೆರೆಯುವ ಶಸ್ತ್ರಚಿಕಿತ್ಸೆಯನ್ನು ರೋಗಿಗಳ ಮುಂದಿಡಲೇಬೇಡಿ ಎಂದು ಬರೆಯಿತು.

ಅಪಾಯವೂ ಇಲ್ಲದಿಲ್ಲ. ಸಾವಿರ ಕೀಹೋಲ್ ಶಸ್ತ್ರಚಿಕಿತ್ಸೆಗಳಿಗೆ ಸುಮಾರು ನಾಲ್ಕರಲ್ಲಿ ಕಾಲಿನ ಆಳದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ ಎಂದು 2015ರ ಒಂದು ದೊಡ್ಡ ವಿಶ್ಲೇಷಣೆ ಲೆಕ್ಕ ಹಾಕಿದೆ. ಸೋಂಕು, ಅರಿವಳಿಕೆಯ ತೊಂದರೆ ಬೇರೆ. ನಾಲ್ಕು ಎಂಬುದು ಸಣ್ಣ ಸಂಖ್ಯೆ ಎಂದು ಒಪ್ಪುತ್ತೇನೆ. ಆದರೆ ಲಾಭವೇ ಇಲ್ಲದ ಕಡೆ ಸಣ್ಣ ಅಪಾಯವನ್ನಾದರೂ ರೋಗಿ ಏಕೆ ಹೊರಬೇಕು?

ಇಷ್ಟಿದ್ದೂ "ನನ್ನ ಅತ್ತೆಗೆ ಮಾಡಿಸಿದೆವು, ಚೆನ್ನಾಗಿ ಆದರು" ಎನ್ನುವವರು ಪ್ರತಿ ಊರಿನಲ್ಲೂ ಇದ್ದಾರೆ. ಅವರು ಸುಳ್ಳು ಹೇಳುತ್ತಿಲ್ಲ. ಈ ಮಾತನ್ನು ನಾನು ಬಹಳ ಕಾಲ ಯೋಚಿಸಿದ್ದೇನೆ, ಉತ್ತರ ನಮ್ಮ ತೋಟದ ಪಂಚಾಂಗದಲ್ಲಿಯೇ ಇದೆ ಎಂದು ನನಗೆ ಅನಿಸುತ್ತದೆ. ಡಿಸೆಂಬರಿನಿಂದ ಮಾರ್ಚಿನವರೆಗೆ ಕೊಯ್ಲು. ಇಳಿಜಾರಿನಲ್ಲಿ ದಿನವಿಡೀ ಹತ್ತಿ ಇಳಿಯಬೇಕು, ಕಣದಲ್ಲಿ ಕುಕ್ಕರಗಾಲಿನಲ್ಲಿ ಕೂತು ಹೆಕ್ಕಬೇಕು, ಮೆಣಸಿನ ಏಣಿ ಹತ್ತಬೇಕು. ಮಂಡಿ ಅತಿ ಹೆಚ್ಚು ಕೆರಳುವುದು ಆಗ. ನೋವು ತಾಳಲಾರದ ಸ್ಥಿತಿ ಮುಟ್ಟಿದಾಗ, ಕೈಗೆ ಹಣವೂ ಬಂದಾಗ ಆಪರೇಷನ್ ಆಗುತ್ತದೆ. ಅದರ ಬೆನ್ನಿಗೇ ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಿರಿಯರು ಒಲೆಯ ಹತ್ತಿರ ಬೆಚ್ಚಗೆ ಕೂರುತ್ತಾರೆ, ಸೊಸೆ ನೀರು ತಂದುಕೊಡುತ್ತಾಳೆ, ಮೊಮ್ಮಗ ಕೋಲು ಹಿಡಿಸುತ್ತಾನೆ. ಸವೆತದ ನೋವು ಏರುವುದೂ ಇಳಿಯುವುದೂ ಅದರ ಸ್ವಭಾವ. ಇಷ್ಟು ವಿಶ್ರಾಂತಿ ಸಿಕ್ಕರೆ ಆಪರೇಷನ್ ಇಲ್ಲದೆಯೂ ಅದು ಇಳಿಯುತ್ತದೆ. ವರ್ಷದ ಕೊನೆಯ ಹುತ್ತರಿ ಹಬ್ಬದ ಹೊತ್ತಿಗೆ ಅಜ್ಜಿ ಸುಮಾರಾಗಿ ನಡೆದಾಡಿದರೆ ಕೀರ್ತಿಯೆಲ್ಲ ಆ ಎರಡು ತೂತುಗಳಿಗೆ ಹೋಗುತ್ತದೆ. ಮುಂದಿನ ಕೊಯ್ಲಿನಲ್ಲಿ ನೋವು ಮರಳಿದಾಗ "ವಯಸ್ಸಾಯಿತಲ್ಲ" ಎಂದು ಎಲ್ಲರೂ ಸುಮ್ಮನಾಗುತ್ತಾರೆ. ಮೊದಲನೆಯದರ ಶ್ರೇಯ ಆಸ್ಪತ್ರೆಗೆ, ಎರಡನೆಯದರ ಹೊಣೆ ವಯಸ್ಸಿಗೆ. ಹೋಲಿಸಿ ನೋಡಲು ಸುಳ್ಳು ಆಪರೇಷನ್ನಿನ ಗುಂಪು ನಮ್ಮ ಊರುಗಳಲ್ಲಿ ಇಲ್ಲ. ಅದಕ್ಕಾಗಿಯೇ ಹ್ಯೂಸ್ಟನ್ನಿನ, ಫಿನ್ಲೆಂಡಿನ ಆ ಪರೀಕ್ಷೆಗಳಿಗೆ ಇಷ್ಟು ಬೆಲೆ.

ಕೀಹೋಲ್ ವಿಧಾನದ ಮೇಲೆ ನನಗೆ ಅಪಾರ ಗೌರವವಿದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಜಪಾನಿನ ಮಸಾಕಿ ವತಾನಬೆ 1962ರಲ್ಲಿ ಮೊದಲ ಬಾರಿಗೆ ಈ ವಿಧಾನದಿಂದ ಹರಿದ ಮೆನಿಸ್ಕಸ್ ತುಂಡನ್ನು ತೆಗೆದಂದಿನಿಂದ ಎಷ್ಟೋ ಎಳೆಯ ಮಂಡಿಗಳು ಇದರಿಂದ ಉಳಿದಿವೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕೌಟುಂಬಿಕ ಹಾಕಿ ಉತ್ಸವ ಇಂದು ನೂರಾರು ಕುಟುಂಬಗಳ ಹಬ್ಬ. ಮೈದಾನದಲ್ಲಿ ಗಕ್ಕನೆ ತಿರುಗುವಾಗ ಇಪ್ಪತ್ತರ ಹುಡುಗನ ಮಂಡಿಯ ಮೂಳೆಗಳನ್ನು ಹಿಡಿದಿಡುವ ಪಟ್ಟಿ, ಅಂದರೆ ಲಿಗಮೆಂಟ್ ಕಡಿದರೆ, ಹರಿದ ತುಂಡು ಸಂದಿಗೆ ಸಿಕ್ಕಿಕೊಂಡು ಕಾಲು ನೀಡಲಾಗದಂತೆ ಬೀಗ ಬಿದ್ದರೆ, ಆಗ ಕೀಹೋಲ್ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಬೀಗ ಬಿದ್ದಾಗಲಂತೂ ತಡಮಾಡದೆ ಬೇಕು. ವಯಸ್ಸಾದವರಲ್ಲೂ ಮಂಡಿ ಹೀಗೆ ನಿಜವಾಗಿ ಬೀಗಬಿದ್ದು ನಿಂತರೆ ಶಸ್ತ್ರಚಿಕಿತ್ಸಕರು ನೋಡಲೇಬೇಕು. ಕಾಲು ಒಮ್ಮೊಮ್ಮೆ ಹಿಡಿದು ಬಿಡುವುದು ಬೇರೆ, ಬೀಗ ಬಿದ್ದು ನಿಲ್ಲುವುದು ಬೇರೆ. ಈ ವ್ಯತ್ಯಾಸವನ್ನು ರೋಗಿಗೆ ವಿವರಿಸಲು ಐದು ನಿಮಿಷ ಸಾಕು.

ಸವೆತ ಎಂಬುದು ಮೆತ್ತೆಯೊಂದರ ಕಾಯಿಲೆಯಲ್ಲ. ಮೂಳೆ, ಮೂಳೆಯ ತುದಿಯ ಮೃದ್ವಸ್ಥಿ, ಕೀಲಿನ ಒಳಪೊರೆ, ಸುತ್ತಲಿನ ಸ್ನಾಯು ಎಲ್ಲವೂ ಅದರಲ್ಲಿ ಸೇರಿವೆ. ಮೃದ್ವಸ್ಥಿಗೆ ನೋವು ತಿಳಿಯುವ ನರಗಳೇ ಇಲ್ಲ. ನೋವು ಹುಟ್ಟುವುದು ಮೂಳೆಯಲ್ಲಿ, ಊದಿಕೊಂಡ ಒಳಪೊರೆಯಲ್ಲಿ. ಆದ್ದರಿಂದ ನರವಿಲ್ಲದ ಅಂಚನ್ನು ಕೆರೆದು ನುಣುಪು ಮಾಡಿದರೆ ನೋವು ಹೋಗಬೇಕಾದ ಕಾರಣವೇ ಇಲ್ಲ. ಎಕ್ಸ್‌ರೇಯಲ್ಲಿ ಮಂಡಿ ಪೂರ್ತಿ ಸವೆದಿದ್ದರೂ ಬೆಟ್ಟದ ಮೆಟ್ಟಿಲನ್ನು ಹತ್ತಿ ಬರುವ ಹಿರಿಯರಿದ್ದಾರೆ, ಸ್ವಲ್ಪವೇ ಸವೆದಿದ್ದರೂ ಅಂಗಳ ದಾಟಲಾಗದವರೂ ಇದ್ದಾರೆ.

ಹಾಗಾದರೆ ಯಾವುದರಿಂದ ಗುಣ ಕಾಣುತ್ತದೆ? ಮೊದಲನೆಯದು ತೊಡೆಯ ಮುಂಭಾಗದ ಸ್ನಾಯುವನ್ನು ಗಟ್ಟಿ ಮಾಡುವುದು. ಲೈನ್‌ಮನೆಯಲ್ಲಿ ಯಂತ್ರ ಬೇಕಿಲ್ಲ. ಟವಲನ್ನು ಸುರುಳಿ ಸುತ್ತಿ ಮಂಡಿಯ ಕೆಳಗಿಟ್ಟು, ಅದನ್ನು ಹಾಸಿಗೆಗೆ ಒತ್ತಿ ಐದು ಎಣಿಸಿ ಬಿಡುವುದು. ಕುರ್ಚಿಯಲ್ಲಿ ಕೂತು ಕಾಲನ್ನು ನೇರ ಎತ್ತುವುದು. ಅದು ಸಲೀಸಾದ ಮೇಲೆ ಒಂದು ಕಿಲೋ ಬೇಳೆಯ ಪ್ಯಾಕೆಟನ್ನು ಬಟ್ಟೆಯಲ್ಲಿ ಸುತ್ತಿ ಪಾದದ ಮೇಲ್ಗಂಟಿಗೆ ಕಟ್ಟಿ ಎತ್ತುವುದು. ಗೋಡೆಗೆ ಒರಗಿಸಿದ ಕುರ್ಚಿಯಿಂದ ಕೈ ಊರದೆ ಎದ್ದು ಮೆಲ್ಲಗೆ ಕೂರುವುದು. ಕೊನೆಗೆ ಜಗಲಿಯ ಮೊದಲ ಮೆಟ್ಟಿಲಿಗೆ ಹತ್ತಿ ಇಳಿಯುವುದು. ವಾರಕ್ಕೆ ಮೂರು ದಿನದಂತೆ ಮೂರು ತಿಂಗಳು ಬಿಡದೆ ಮಾಡಬೇಕು. ಮೊದಲ ಎರಡು ವಾರ ನೋವು ಸ್ವಲ್ಪ ಹೆಚ್ಚಾದಂತೆ ಅನಿಸಬಹುದು. ಮಾರನೆಯ ಬೆಳಿಗ್ಗೆಗೆ ಅದು ಮೊದಲಿನ ಮಟ್ಟಕ್ಕೆ ಇಳಿದಿದ್ದರೆ ಭಯಪಡುವುದು ಬೇಡ, ಮುಂದುವರಿಸಬಹುದು. ಇಷ್ಟನ್ನು ಹೇಳುವವರಿಲ್ಲದೆ ಎಷ್ಟೋ ಮಂದಿ ಎರಡನೆಯ ವಾರದಲ್ಲಿಯೇ ಕೈಬಿಡುತ್ತಾರೆ.

ಮೈಭಾರ ಹೆಚ್ಚಿದ್ದವರಿಗೆ ತೂಕ ಇಳಿಸುವುದು ಎರಡನೆಯದು. ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಹೊರೆ ನಾಲ್ಕು ಕಿಲೋದಷ್ಟು ಇಳಿಯುತ್ತದೆ ಎಂದು 2005ರ ಅಧ್ಯಯನವೊಂದು ಅಳೆದು ತೋರಿಸಿದೆ. ಆದರೆ ಈ ಉಪದೇಶವನ್ನು ಎಲ್ಲರಿಗೂ ಒಂದೇ ಸಮನೆ ಹಂಚಬಾರದು. ಬದುಕಿಡೀ ತೋಟದಲ್ಲಿ ದುಡಿದ ಹೆಂಗಸಿನ ಮೈಯಲ್ಲಿ ಇಳಿಸಲು ಏನಿದೆ? ಅವರಿಗೆ ಇಳಿಯಬೇಕಾದದ್ದು ತಲೆಯ ಮೇಲಿನ ಚೀಲ. ಅವರನ್ನು ಏರುಜಾಗದ ಕೊಯ್ಲಿನಿಂದ ಸಮತಟ್ಟಾದ ಕಡೆಗೆ, ನರ್ಸರಿ ಕೆಲಸಕ್ಕೆ ಹಾಕಿ ಎಂದು ವೈದ್ಯರು ಒಂದು ಸಾಲು ಬರೆದುಕೊಟ್ಟರೆ ಬಹಳ ಮಾಲೀಕರು ಮನ್ನಿಸುತ್ತಾರೆ. ಉಳಿದ ಸಂಗತಿಗಳು ಸಣ್ಣವು, ಆದರೆ ನೋವಿದ್ದವರಿಗೆ ಸಣ್ಣವಲ್ಲ. ನೋಯುವ ಕಾಲಿನ ಎದುರು ಬದಿಯ ಕೈಯಲ್ಲಿ ಕೋಲು ಹಿಡಿಯಬೇಕು. ಮಣೆಯ ಬದಲು ಎತ್ತರದ ಸ್ಟೂಲು, ಶೌಚಕ್ಕೆ ಕಮೋಡ್ ಕುರ್ಚಿ ಬೇಕು. ಮಾತ್ರೆಗೆ ಮೊದಲು ನೋವಿನ ಮುಲಾಮನ್ನು ಹಚ್ಚಿ ನೋಡಬೇಕು. ಬಿಪಿ, ಸಕ್ಕರೆ ಕಾಯಿಲೆ ಇರುವ ಹಿರಿಯರು ನೋವಿನ ಮಾತ್ರೆಯನ್ನು ಅಂಗಡಿಯಿಂದ ತಂದು ತಿಂಗಳುಗಟ್ಟಲೆ ನುಂಗಿದರೆ ಹೊಟ್ಟೆಯೂ ಮೂತ್ರಪಿಂಡವೂ ಕೆಡುತ್ತವೆ.

ಇಷ್ಟೆಲ್ಲ ಮಾಡಿದ ಮೇಲೂ ರಾತ್ರಿ ನಿದ್ದೆ ಬಾರದಷ್ಟು ನೋವು, ಮನೆಯೊಳಗೂ ನಡೆಯಲಾಗದ ಸ್ಥಿತಿ ಇದ್ದರೆ ಮಂಡಿ ಬದಲಾವಣೆಯ ಶಸ್ತ್ರಚಿಕಿತ್ಸೆ ಇದೆ. ಅದು ದೊಡ್ಡ ಆಪರೇಷನ್, ಸರಿಯಾದ ರೋಗಿಗೆ ನಿಜವಾಗಿ ಫಲ ಕೊಡುವಂಥದ್ದು. ಕೃತಕ ಮಂಡಿಯ ಬೆಲೆಗೆ ಕೇಂದ್ರ ಸರ್ಕಾರ 2017ರ ಆಗಸ್ಟ್‌ನಲ್ಲಿ ಮಿತಿಯನ್ನೂ ಹಾಕಿದೆ. ಕೀಹೋಲ್ ಮಾಡಿಸಿಕೊಂಡರೆ ಇದನ್ನು ತಪ್ಪಿಸಬಹುದು ಎಂದು ನಂಬಲು ಆಧಾರವಿಲ್ಲ. ಅಂಥ ಕುಟುಂಬಗಳು ಕೂಡಿಟ್ಟ ಹಣ ಮೊದಲೇ ಕೀಹೋಲ್‌ಗೆ ಖರ್ಚಾಗಿ ಹೋಗಿರುತ್ತದೆ ಎಂಬುದೇ ನನ್ನ ಸಂಕಟ.

ರೈಲಿಲ್ಲದ ಜಿಲ್ಲೆ ನಮ್ಮದು. ಆಪರೇಷನ್ ಎಂದರೆ ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್ ದೂರದ ಮೈಸೂರು, ಇಲ್ಲವೇ ಸಂಪಾಜೆ ಘಾಟಿ ಇಳಿದು ಮಂಗಳೂರು. ಜೊತೆಗೆ ಹೋದವರ ಕೂಲಿ ಹೋಯಿತು, ಬಾಡಿಗೆ ಕಾರಿಗೆ ಹಣ ಹೋಯಿತು, ಹೊಲಿಗೆ ತೆಗೆಸಲು ಮತ್ತೊಮ್ಮೆ ಅಷ್ಟೇ ದೂರ. ಇಷ್ಟು ಕಷ್ಟಪಟ್ಟು ಹೋಗಿಬರುವ ಚಿಕಿತ್ಸೆಯಿಂದ ಏನಾದರೂ ದಕ್ಕಬೇಡವೇ?

ಕೊಡಗಿನಲ್ಲಿ ಕೆಲಸ ಮಾಡುವ ಮೂಳೆ ತಜ್ಞರಲ್ಲಿ ಹಲವರು "ಇದಕ್ಕೆ ಆಪರೇಷನ್ ಬೇಡ, ವ್ಯಾಯಾಮ ಮಾಡಿ" ಎಂದೇ ಹೇಳಿ ಕಳುಹಿಸುತ್ತಾರೆ. ಅವರಿಗೆ ನಾನು ಕೃತಜ್ಞಳು. ಅವರ ಆ ಮಾತಿಗೆ ಆಡಳಿತದ ಬಲ ಸಿಗಬೇಕು. ಇಲ್ಲದಿದ್ದರೆ "ಇಲ್ಲಿಯ ಡಾಕ್ಟರಿಗೆ ಗೊತ್ತಾಗಲಿಲ್ಲ, ಹೊರಗೆ ಸ್ಕ್ಯಾನ್ ಮಾಡಿ ಕಂಡುಹಿಡಿದರು" ಎಂಬ ಮಾತೇ ಗೆಲ್ಲುತ್ತದೆ.

ತಮ್ಮಲ್ಲಿ ನಾನು ಕೇಳಿಕೊಳ್ಳುವುದು ತಮ್ಮ ಅಧಿಕಾರದ ಒಳಗಿನದೇ. ರೋಗಿಯ ಒಪ್ಪಿಗೆ ಎಂದರೆ ಸಹಿಯಲ್ಲ ಎಂದು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿಯೇ ಸ್ಪಷ್ಟಪಡಿಸಿದೆ. ಚಿಕಿತ್ಸೆ ಏನು, ಅದರಿಂದ ಏನು ಲಾಭ, ಬೇರೆ ದಾರಿ ಇದೆಯೇ, ಅಪಾಯವೇನು, ಬೇಡವೆಂದರೆ ಏನಾಗುತ್ತದೆ ಎಂಬುದನ್ನು ವೈದ್ಯರು ಮೊದಲು ತಿಳಿಸಬೇಕು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರಕ್ಕೆ ತಾವು ಸದಸ್ಯ ಕಾರ್ಯದರ್ಶಿ. ಸವೆತದ ಮಂಡಿಗೆ ಆರ್ಥ್ರೋಸ್ಕೋಪಿ ಸೂಚಿಸುವಾಗ ಈ ಐದು ಸಂಗತಿಗಳನ್ನು ಕನ್ನಡದಲ್ಲಿ ಬರೆದುಕೊಡಬೇಕು, ಓದು ಬಾರದವರಿಗೆ ಮನೆಯವರ ಮುಂದೆ ಓದಿ ಹೇಳಬೇಕು ಎಂದು ಜಿಲ್ಲೆಯ ಆಸ್ಪತ್ರೆಗಳಿಗೆ ಸುತ್ತೋಲೆ ಹೊರಡಿಸಿ. ಹೊರಗಿನ ಆಸ್ಪತ್ರೆಗಳು ಇಲ್ಲಿ ಉಚಿತ ಮಂಡಿ ತಪಾಸಣಾ ಶಿಬಿರ ನಡೆಸಲು ತಮ್ಮ ಕಚೇರಿಗೆ ಬಂದಾಗ ಅದೇ ಷರತ್ತನ್ನು ಹಾಕಿ. ಶಿಬಿರದಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಇರಲೇಬೇಕು ಎಂಬುದನ್ನೂ ಸೇರಿಸಿ. ತಪಾಸಣೆ ಉಚಿತವಾಗಿ ಆಪರೇಷನ್ ಮಾತ್ರ ಮುಂದಿನ ದಾರಿಯಾದರೆ ಅದು ಶಿಬಿರವಲ್ಲ.

ಫಿಸಿಯೋಥೆರಪಿ ಸಿಗದ ಊರಿನಲ್ಲಿ ಆಪರೇಷನ್ ಬೇಡ ಎಂದಷ್ಟೇ ಹೇಳುವುದು ನ್ಯಾಯವಲ್ಲ ಎಂಬುದು ನನಗೆ ಗೊತ್ತು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ, ಕುಶಾಲನಗರ, ಪೊನ್ನಂಪೇಟೆ ಈ ಐದೂ ತಾಲ್ಲೂಕುಗಳಲ್ಲಿ ಸರ್ಕಾರಿ ಫಿಸಿಯೋಥೆರಪಿಸ್ಟ್ ವಾರವಿಡೀ ಸಿಗುವಂತಾಗಬೇಕು. ಇದು ಹೊಸ ಬೇಡಿಕೆಯೂ ಅಲ್ಲ. ವೃದ್ಧರ ಆರೋಗ್ಯಕ್ಕಾಗಿ 2010-11ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿಯೇ ಸಮುದಾಯ ಆರೋಗ್ಯ ಕೇಂದ್ರದ ಮಟ್ಟದಲ್ಲಿ ಈ ಸೇವೆಗೆ ಅವಕಾಶವಿದೆ. ದೂರದ ಬುಡಕಟ್ಟು ಜನರ ಹಾಡಿಗಳಿಗೆ, ಲೈನ್‌ಮನೆಗಳಿಗೆ ಬರುವ ಆಶಾ ಕಾರ್ಯಕರ್ತೆಯರಿಗೆ ಈ ಐದಾರು ವ್ಯಾಯಾಮಗಳನ್ನು ಕಲಿಸಲು ಒಂದು ದಿನದ ತರಬೇತಿ ಸಾಕು. ಆಪರೇಷನ್ ಬೇಕೇ ಬೇಡವೇ ಎಂಬ ಅನುಮಾನವಿದ್ದವರು ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಎರಡನೆಯ ಅಭಿಪ್ರಾಯ ಪಡೆಯಲು ವಾರದ ಒಂದು ದಿನವನ್ನು ಗೊತ್ತುಮಾಡಿ, ಆ ದಿನವನ್ನು ಎಲ್ಲ ಆರೋಗ್ಯ ಕೇಂದ್ರಗಳ ಬಾಗಿಲಿಗೆ ಬರೆದು ಹಾಕಿಸಿ.

ಪಾಲಿಬೆಟ್ಟದ ಅಕ್ಕ ಈಗ ಕುರ್ಚಿಯಿಂದ ಕೈ ಊರದೆ ಏಳುತ್ತಾರೆ. ನೋವು ಪೂರ್ತಿ ಹೋಗಿಲ್ಲ, ಹೋಗುತ್ತದೆಂದು ನಾನು ಮಾತು ಕೊಟ್ಟೂ ಇಲ್ಲ. ಅಡ ಇಟ್ಟ ಓಲೆಯನ್ನು ಇನ್ನೂ ಬಿಡಿಸಿಕೊಂಡಿಲ್ಲ.

ಸುತ್ತೋಲೆಯ ಜೊತೆ ಹಂಚಬೇಕಾದ ಕನ್ನಡದ ಹಾಳೆಯ ಕರಡನ್ನು ನಾನು ಬರೆದುಕೊಡುತ್ತೇನೆ, ಹಣ ಬೇಡ. ತಮ್ಮ ಕಚೇರಿಯ ಮೂಳೆ ತಜ್ಞರು ಅದನ್ನು ತಿದ್ದಲಿ. ಆಶಾ ಕಾರ್ಯಕರ್ತೆಯರ ತರಬೇತಿಗೆ ಸಿದ್ದಾಪುರದಲ್ಲಿ ಯಾವ ದಿನ ಕರೆದರೂ ಬರುತ್ತೇನೆ. ಮುಂಗಾರು ಹಿಡಿಯುವ ಮೊದಲು ಈ ಹಾಳೆ ತಾಲ್ಲೂಕು ಆಸ್ಪತ್ರೆಗಳನ್ನು ತಲುಪಿದರೆ, ಈ ವರ್ಷವೇ ಹೊರಟು ನಿಂತಿರುವ ಕೆಲವರಾದರೂ ಹೊರಡುವ ಮೊದಲು ಅದನ್ನು ಓದುತ್ತಾರೆ. ತಮ್ಮ ಉತ್ತರಕ್ಕಾಗಿ ಕಾಯುತ್ತಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಫಿಸಿಯೋಥೆರಪಿಸ್ಟ್
ಸಿದ್ದಾಪುರ, ಕೊಡಗು